ಪಿಸ್ತೂಲು ಎಲ್ಲಿ ಕೈಕೊಡುತ್ತದೆ?

ನಾಗಸಂದ್ರದಿಂದ ಪೀಣ್ಯದ ಒಳರಸ್ತೆಗಳಿಗೆ ಇಳಿದರೆ ಸ್ಪ್ರಿಂಗ್ ಸುತ್ತುವ, ತಗಡು ಒತ್ತುವ, ಡೈ ಮಾಡುವ ಶೆಡ್‌ಗಳು ಸಾಲುಸಾಲಾಗಿ ಸಿಗುತ್ತವೆ. ಅಲ್ಲಿ ಕೆಲಸ ಮಾಡಿದವರಿಗೆ ಒಂದು ಸತ್ಯ ಚೆನ್ನಾಗಿ ಗೊತ್ತು. ಲಕ್ಷಗಟ್ಟಲೆ ಬೆಲೆಯ ಯಂತ್ರವನ್ನು ನಿಲ್ಲಿಸುವುದು ಅದರ ದೊಡ್ಡ ಭಾಗವಲ್ಲ, ಒಳಗೆ ಎಲ್ಲೋ ಕೂತಿರುವ ಹತ್ತು ರೂಪಾಯಿಯ ಸ್ಪ್ರಿಂಗ್. ಪಿಸ್ತೂಲೂ ಒಂದು ಯಂತ್ರವೇ. ಅದನ್ನು ಕೊಳ್ಳುವವರು ಮಾತ್ರ ಸಾಮಾನ್ಯವಾಗಿ ಕಂಪನಿಯ ಹೆಸರು, ಹೊಳಪು, ಹಿಡಿಕೆಯ ಅಂದ ನೋಡುತ್ತಾರೆ. ಕೈಕೊಡುವ ಜಾಗಗಳನ್ನು ನೋಡುವುದಿಲ್ಲ.

ಈ ಭಾಗದಲ್ಲಿ ಲೈಸೆನ್ಸ್ ಪಡೆದು ಪಿಸ್ತೂಲು ಇಟ್ಟುಕೊಳ್ಳುವವರು ಕಡಿಮೆ. ರಾತ್ರಿ ಹಣ ಸಾಗಿಸಬೇಕಾದ ವ್ಯಾಪಾರಿ, ಚಿನ್ನದಂಗಡಿಯವರು, ಬೆದರಿಕೆ ಇರುವ ಉದ್ಯಮಿ, ಹೀಗೆ ಕೆಲವರು. ಬೆಂಗಳೂರು ನಗರದಲ್ಲಿ ಲೈಸೆನ್ಸ್ ಕೊಡುವ ಅಧಿಕಾರ ಪೊಲೀಸ್ ಆಯುಕ್ತರದು. ಅರ್ಜಿ, ಪೊಲೀಸ್ ವಿಚಾರಣೆ, ತರಬೇತಿ ಪತ್ರ, ಇಷ್ಟೆಲ್ಲ ದಾಟಿ ಕೊಂಡ ಪಿಸ್ತೂಲನ್ನು ಇಷ್ಟವಾಗಲಿಲ್ಲವೆಂದು ಮರುದಿನ ಬದಲಾಯಿಸಿಕೊಳ್ಳಲು ಬರುವುದಿಲ್ಲ. ಅದರ ನಂಬರ್ ಲೈಸೆನ್ಸ್ ಪುಸ್ತಕಕ್ಕೆ ಏರಿರುತ್ತದೆ. 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ಆದ್ದರಿಂದ ಆಯ್ಕೆ ಮೊದಲ ಸಲವೇ ಸರಿಯಾಗಬೇಕು.

ಇನ್ನೊಂದು ಮಾತು. ಅಮೆರಿಕದಲ್ಲಿ ಪಿಸ್ತೂಲನ್ನು ಬಟ್ಟೆಯೊಳಗೆ ಮರೆಮಾಡಿ ಒಯ್ಯುವುದೇ ಒಂದು ದೊಡ್ಡ ಚರ್ಚೆ. ನಮ್ಮಲ್ಲಿ ಅದು ನಿಯಮವೇ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ಹೋಲ್‌ಸ್ಟರ್‌ನಲ್ಲೋ ಅಂಥದೇ ಚೀಲದಲ್ಲೋ ಮುಚ್ಚಿರಬೇಕು, ಒಯ್ಯುವವರ ಹತೋಟಿಯಲ್ಲಿರಬೇಕು. ಹೊರತೆಗೆದು ಝಳಪಿಸುವಂತಿಲ್ಲ. ಮುಚ್ಚಿಟ್ಟು ಒಯ್ಯಲು ಚಿಕ್ಕ ಪಿಸ್ತೂಲೇ ಅನುಕೂಲ ಎಂದು ಅನ್ನಿಸುವುದು ಸಹಜ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ಒಂದು ಗುಂಡಿನ ಹಿಂದೆ ಎಂಟು ಕೆಲಸ

ಸೆಮಿ ಆಟೊಮ್ಯಾಟಿಕ್ ಎಂದರೆ ಟ್ರಿಗರ್ ಒಮ್ಮೆ ಒತ್ತಿದರೆ ಒಂದೇ ಗುಂಡು ಹಾರುತ್ತದೆ, ಮುಂದಿನದನ್ನು ಪಿಸ್ತೂಲು ತಾನೇ ತುಂಬಿಕೊಳ್ಳುತ್ತದೆ. ಆ ತುಂಬಿಕೊಳ್ಳುವ ಕೆಲಸಕ್ಕೆ ಬೇಕಾದ ಶಕ್ತಿ ಸಿಡಿದ ತೋಟಾದಿಂದಲೇ ಬರುತ್ತದೆ.

ಫೈರಿಂಗ್ ಪಿನ್ ತೋಟಾದ ಹಿಂಬದಿಯ ಕ್ಯಾಪ್‌ಗೆ ಬಡಿಯುತ್ತದೆ. ಮದ್ದು ಉರಿದು ಗುಂಡು ನಳಿಗೆಯಲ್ಲಿ ಮುಂದೆ ಓಡುತ್ತದೆ. ಅದೇ ಒತ್ತಡ ಮೇಲಿನ ಉಕ್ಕಿನ ಸ್ಲೈಡನ್ನು ಹಿಂದಕ್ಕೆ ತಳ್ಳುತ್ತದೆ. ಎಕ್ಸ್‌ಟ್ರಾಕ್ಟರ್ ಎಂಬ ಕೊಕ್ಕೆ ಖಾಲಿ ಕೇಸನ್ನು ನಳಿಗೆಯ ಹಿಂತುದಿಯ ಚೇಂಬರಿನಿಂದ ಎಳೆಯುತ್ತದೆ. ಇಜೆಕ್ಟರ್ ಅದನ್ನು ಪಕ್ಕಕ್ಕೆ ಒದ್ದು ಹೊರಹಾಕುತ್ತದೆ. ಒಳಗಿನ ಹೊಡೆಯುವ ಭಾಗ ಮತ್ತೆ ಬಿಗಿಯಾಗುತ್ತದೆ. ಅಷ್ಟರಲ್ಲಿ ಮ್ಯಾಗಜೀನ್ ಸ್ಪ್ರಿಂಗ್ ಮುಂದಿನ ತೋಟಾವನ್ನು ಮೇಲಕ್ಕೆ ಎತ್ತಿರಬೇಕು. ವಾಪಸು ಬರುವ ಸ್ಲೈಡ್ ಅದನ್ನು ತಳ್ಳಿ ಚೇಂಬರಿಗೆ ಸೇರಿಸಿ ಬಾಗಿಲು ಮುಚ್ಚುತ್ತದೆ. ಇಷ್ಟೂ ಸೆಕೆಂಡಿನ ಹತ್ತನೇ ಒಂದು ಪಾಲಿಗಿಂತ ಕಡಿಮೆ ಹೊತ್ತಿನಲ್ಲಿ ಮುಗಿಯುತ್ತದೆ.

ಇದರಲ್ಲಿ ಯಾವ ಕೆಲಸ ಕೆಟ್ಟಿತು ಎನ್ನುವುದು ಪಿಸ್ತೂಲು ನಿಂತ ರೀತಿಯಿಂದಲೇ ತಿಳಿಯುತ್ತದೆ. ತೋಟಾದ ಮೂತಿ ಚೇಂಬರಿನ ಕೆಳಗೆ ಕುತ್ತಿ ನಿಂತಿದ್ದರೆ ತುಂಬುವ ದೋಷ, ಮೊದಲ ಅನುಮಾನ ಮ್ಯಾಗಜೀನ್ ಮೇಲೆ. ಖಾಲಿ ಕೇಸು ಒಲೆಯ ಹೊಗೆಕೊಳವೆಯಂತೆ ನೆಟ್ಟಗೆ ಸ್ಲೈಡಿನಲ್ಲಿ ಸಿಕ್ಕಿಕೊಂಡಿದ್ದರೆ ಹೊರಹಾಕುವ ದೋಷ, ಸ್ಲೈಡ್ ಪೂರ್ತಿ ಹಿಂದೆ ಹೋಗಿಲ್ಲ. ಕೇಸು ಚೇಂಬರಿನಲ್ಲೇ ಉಳಿದು ಹಿಂದಿನಿಂದ ಇನ್ನೊಂದು ತೋಟಾ ಬಂದು ಗುದ್ದಿದ್ದರೆ ಕೊಕ್ಕೆ ಸವೆದಿದೆ, ಇಲ್ಲವೇ ಚೇಂಬರ್ ಕೊಳೆಯಾಗಿದೆ. ಸ್ಲೈಡ್ ಕೂದಲೆಳೆಯಷ್ಟು ಮುಚ್ಚದೆ ನಿಂತಿದ್ದರೆ ಸ್ಲೈಡನ್ನು ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್ ಸೋತಿದೆ ಅಥವಾ ಜಿಡ್ಡು ಕಟ್ಟಿದೆ. ಎಲ್ಲ ಸರಿಯಿದ್ದೂ ಟಕ್ ಎಂಬ ಸದ್ದು ಮಾತ್ರ ಬಂದರೆ ತೋಟಾ ಕೆಟ್ಟಿರಬೇಕು ಅಥವಾ ಪಿನ್ನಿನ ಪೆಟ್ಟು ಸಾಲದಾಗಿರಬೇಕು. ಸಿಡಿಯದ ತೋಟಾದ ಕ್ಯಾಪ್ ಮೇಲಿನ ಗುಳಿ ನೋಡಿದರೆ ಗೊತ್ತಾಗುತ್ತದೆ. ಗುಳಿ ಆಳವಾಗಿದ್ದರೆ ತೋಟಾದ ತಪ್ಪು, ಮೇಲುಮೇಲೆ ಇದ್ದರೆ ಪಿಸ್ತೂಲಿನದು.

ಮೊದಲು ಹಿಡಿಯಬೇಕಾದ್ದು ಮ್ಯಾಗಜೀನ್

ಪಿಸ್ತೂಲಿನ ಅಗ್ಗದ ಭಾಗಗಳಲ್ಲಿ ಮ್ಯಾಗಜೀನ್ ಒಂದು. ತಗಡಿನ ಡಬ್ಬಿ, ಒಂದು ಸ್ಪ್ರಿಂಗ್, ತೋಟಾ ಕೂರುವ ಒಂದು ತಟ್ಟೆ, ಅಷ್ಟೇ. ಪಿಸ್ತೂಲನ್ನು ನಿಲ್ಲಿಸುವ ಹೆಚ್ಚಿನ ತಡೆಗಳು ಹುಟ್ಟುವುದೂ ಇಲ್ಲೇ. ಡಬ್ಬಿಯ ಮೇಲಂಚಿನಲ್ಲಿ ಒಳಕ್ಕೆ ಬಾಗಿದ ಎರಡು ತುಟಿಗಳಿರುತ್ತವೆ. ತೋಟಾ ಯಾವ ಕೋನದಲ್ಲಿ ನಿಲ್ಲಬೇಕು, ಯಾವಾಗ ಬಿಡಬೇಕು ಎಂಬುದನ್ನು ತೀರ್ಮಾನಿಸುವುದು ಈ ತುಟಿಗಳೇ. ಮ್ಯಾಗಜೀನ್ ಒಮ್ಮೆ ಸಿಮೆಂಟ್ ನೆಲಕ್ಕೆ ಬಿದ್ದು ತುಟಿ ಅರ್ಧ ಮಿಲಿಮೀಟರ್ ಅಗಲವಾದರೂ ಸಾಕು, ತೋಟಾ ಬೇಗ ಜಾರಿ ಮೂತಿ ಎತ್ತಿಕೊಳ್ಳುತ್ತದೆ. ಕಣ್ಣಿಗೆ ಅದು ಕಾಣುವುದಿಲ್ಲ. ಪ್ರೆಸ್ ಕೆಲಸ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತುಂಬಿಟ್ಟರೆ ಸ್ಪ್ರಿಂಗ್ ಸೋಲುತ್ತದೆ ಎಂದು ಅನೇಕರು ಪ್ರತಿ ರಾತ್ರಿ ಮ್ಯಾಗಜೀನ್ ಖಾಲಿ ಮಾಡುತ್ತಾರೆ. ಒಳ್ಳೆಯ ಉಕ್ಕಿನ ತಂತಿಯಿಂದ ಸರಿಯಾಗಿ ಮಾಡಿದ ಸ್ಪ್ರಿಂಗ್ ತನ್ನ ಮಿತಿಯೊಳಗೆ ಅದುಮಿದ್ದರೆ ಬೇಗ ಸೋಲುವುದಿಲ್ಲ. ಅದನ್ನು ದಣಿಸುವುದು ಪದೇ ಪದೇ ಕುಗ್ಗಿ ಹಿಗ್ಗುವುದು. ಆದರೆ ಚಿಕ್ಕ ಪಿಸ್ತೂಲಿನ ಮ್ಯಾಗಜೀನಿನಲ್ಲಿ ಜಾಗ ಸಾಲದೆ ಸ್ಪ್ರಿಂಗನ್ನು ಮಿತಿಯ ಅಂಚಿನವರೆಗೂ ಅದುಮಿರುತ್ತಾರೆ. ಅಂಥದು ಕಾಲಕ್ರಮದಲ್ಲಿ ಗಿಡ್ಡವಾಗಿಬಿಡುತ್ತದೆ. ಸ್ಪ್ರಿಂಗ್ ಕೆಲಸದವರು ಇದಕ್ಕೇ ಸೆಟ್ ತೆಗೆದುಕೊಂಡಿದೆ ಎನ್ನುತ್ತಾರೆ. ಕೊನೆಯ ಎರಡು ತೋಟಾ ನಿಧಾನವಾಗಿ ಮೇಲೇರುವುದು ಇದರ ಮೊದಲ ಗುರುತು.

ಪಿಸ್ತೂಲು ಕೊಳ್ಳುವಾಗ ಒಂದೇ ಮ್ಯಾಗಜೀನಿಗೆ ತೃಪ್ತಿಪಡಬೇಡಿ. ಎರಡು ಮ್ಯಾಗಜೀನ್ ಇರಲಿ. ಅವುಗಳಿಗೆ ಬಣ್ಣದಿಂದ 1, 2 ಎಂದು ಗುರುತು ಹಾಕಿ. ತಡೆ ಬಂದಾಗಲೆಲ್ಲ ಯಾವ ನಂಬರಿನದು ಎಂದು ಬರೆದಿಡಿ. ತಡೆ ಒಂದೇ ನಂಬರಿನಲ್ಲಿ ಮರುಕಳಿಸಿದರೆ ದೋಷ ಪಿಸ್ತೂಲಿನದಲ್ಲ, ಡಬ್ಬಿಯದು.

7.65ರ ಅಂಚಿನ ಕಥೆ

ಭಾರತದಲ್ಲಿ 9 ಎಂಎಂ ತೋಟಾ ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ಲೈಸೆನ್ಸಿನ ಮೇಲೆ ಸಿಗುವ ಪಿಸ್ತೂಲುಗಳಲ್ಲಿ ಹೆಚ್ಚಿನವು .32, ಅಂದರೆ 7.65 ಎಂಎಂ. ಅಮೆರಿಕದ ವಿನ್ಯಾಸಕ ಜಾನ್ ಬ್ರೌನಿಂಗ್ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬೆಲ್ಜಿಯಂನ ಎಫ್‌ಎನ್ ಕಂಪನಿಗಾಗಿ ರೂಪಿಸಿದ ತೋಟಾ ಇದು. ಗುಂಡಿನ ತೂಕ ಸುಮಾರು 4.6 ಗ್ರಾಂ, ಕೇಸಿನ ಉದ್ದ 17 ಎಂಎಂ. ಒತ್ತಡ ಕಡಿಮೆಯಾದ್ದರಿಂದ ಈ ಪಿಸ್ತೂಲುಗಳಲ್ಲಿ ಸಾಮಾನ್ಯವಾಗಿ ನಳಿಗೆಯನ್ನು ಬೀಗ ಹಾಕುವ ಏರ್ಪಾಡೇ ಇರುವುದಿಲ್ಲ. ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಿಗಿ ಎರಡೇ ಬಾಗಿಲನ್ನು ಮುಚ್ಚಿ ಹಿಡಿಯುತ್ತವೆ. ಸರಳ ವಿನ್ಯಾಸ, ಆದರೆ ಸ್ಪ್ರಿಂಗ್ ಸೋತರೆ ಅದನ್ನು ಕಾಯುವ ಇನ್ನೊಂದು ಭಾಗವಿಲ್ಲ.

ಈ ತೋಟಾಕ್ಕೆ ಒಂದು ಹುಟ್ಟುಗುಣವಿದೆ. ಇದರ ಬುಡದ ಅಂಚು ಕೇಸಿಗಿಂತ ತುಸುವೇ ಹೊರಚಾಚಿರುತ್ತದೆ. ಮ್ಯಾಗಜೀನ್ ತುಂಬುವಾಗ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದಿರಬೇಕು. ಅದು ಹಿಂದೆ ಸರಿದು ಬಿದ್ದರೆ ಎರಡೂ ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳುತ್ತವೆ. ಸ್ಲೈಡ್ ಎಷ್ಟು ತಳ್ಳಿದರೂ ಮೇಲಿನದು ಕದಲುವುದಿಲ್ಲ. ಬೇರೆ ತಡೆಗಳಲ್ಲಿ ಹಲವನ್ನು ಸ್ಲೈಡ್ ಎಳೆದು ಸರಿಪಡಿಸಬಹುದು. ಇದಕ್ಕೆ ಮ್ಯಾಗಜೀನ್ ಹೊರತೆಗೆದು ತೋಟಾಗಳನ್ನು ಬಿಡಿಸಲೇಬೇಕು. ಮೂತಿ ಗಿಡ್ಡವಾಗಿರುವ ತೋಟಾಗಳಲ್ಲಿ ಈ ಕಾಟ ಹೆಚ್ಚು, ಏಕೆಂದರೆ ಮ್ಯಾಗಜೀನಿನೊಳಗೆ ಹಿಂದೆ ಮುಂದೆ ಓಡಾಡಲು ಅವಕ್ಕೆ ಜಾಗ ಸಿಗುತ್ತದೆ. ಪಿಸ್ತೂಲು ಯಾವ ಉದ್ದದ ತೋಟಾಕ್ಕೆ ಮಾಡಿದ್ದೋ ಅದನ್ನೇ ಬಳಸಿ. ತುಂಬುವಾಗ ಪ್ರತಿ ತೋಟಾವನ್ನೂ ಹಿಂದಿನ ಗೋಡೆಗೆ ಒತ್ತಿ ಕೂರಿಸಿ, ಅಂಚು ಮುಂದಿದೆಯೇ ನೋಡಿ. ತುಂಬಿದ ಮ್ಯಾಗಜೀನನ್ನು ಜೇಬಿನಲ್ಲಿ ಕುಲುಕಾಡಲು ಬಿಡಬೇಡಿ.

ಇಲ್ಲಿ ಒಂದು ಎಚ್ಚರಿಕೆ. .32 ಎಂದು ಬರೆದ ತೋಟಾ ಎಲ್ಲವೂ ಒಂದೇ ಅಲ್ಲ. ರಿವಾಲ್ವರಿನ .32 ತೋಟಾ ಉದ್ದ, ಅದರ ಅಂಚು ಅಗಲ. ಪಿಸ್ತೂಲಿನ .32 ಬೇರೆ. ತೋಟಾದ ಡಬ್ಬಿ ಕೈಗೆ ಬಂದಾಗ ಹೆಸರನ್ನು ಪೂರ್ತಿ ಓದಿ. ಪುಣೆಯ ಖಡ್ಕಿ ಕಾರ್ಖಾನೆಯ ತೋಟಾಗಳ ಬುಡದಲ್ಲಿ ಕೆಎಫ್ ಎಂಬ ಎರಡಕ್ಷರದ ಗುರುತು ಇರುತ್ತದೆ. ಒಂದೇ ಡಬ್ಬಿಯ ತೋಟಾಗಳನ್ನು ಒಟ್ಟಿಗಿಡಿ, ಕೊಂಡ ತಿಂಗಳನ್ನು ಬರೆದಿಡಿ.

ಚಿಕ್ಕದಾದಷ್ಟೂ ಕಷ್ಟ

ಅಂಗಿಯೊಳಗೆ ಕಾಣದಿರಲಿ ಎಂದು ಅತಿ ಚಿಕ್ಕದನ್ನು ಆರಿಸುವವರು ಒಂದು ಲೆಕ್ಕ ತಿಳಿದಿರಬೇಕು. ಸ್ಲೈಡ್ ಗಿಡ್ಡವಾದರೆ ಅದು ಹಿಂದೆ ಹೋಗಿ ಬರುವ ದಾರಿಯೂ ಗಿಡ್ಡ. ಮ್ಯಾಗಜೀನ್ ಸ್ಪ್ರಿಂಗಿಗೆ ತೋಟಾ ಎತ್ತಲು ಸಿಗುವ ಸಮಯ ಕಡಿಮೆ. ಸ್ಲೈಡ್ ಹಗುರವಾದರೆ ಅದನ್ನು ತಡೆಯಲು ಸ್ಪ್ರಿಂಗ್ ಇನ್ನಷ್ಟು ಬಿಗಿಯಾಗಬೇಕು, ಬೆರಳಲ್ಲಿ ಬಲ ಕಡಿಮೆ ಇರುವವರಿಗೆ ಅದನ್ನು ಎಳೆಯುವುದೇ ಕಷ್ಟ. ಹಿಡಿಕೆ ಗಿಡ್ಡವಾದರೆ ಎರಡೇ ಬೆರಳು ಹಿಡಿಯುತ್ತವೆ, ಮಣಿಕಟ್ಟು ಸಡಿಲವಾಗುತ್ತದೆ. ಮಣಿಕಟ್ಟು ಬಿಟ್ಟುಕೊಟ್ಟರೆ ಸ್ಲೈಡನ್ನು ತಳ್ಳಬೇಕಾದ ಶಕ್ತಿಯ ಒಂದು ಪಾಲು ಕೈಯನ್ನು ಎತ್ತುವುದರಲ್ಲೇ ಕಳೆದುಹೋಗುತ್ತದೆ. ಖಾಲಿ ಕೇಸು ನೆಟ್ಟಗೆ ಸಿಕ್ಕಿಕೊಳ್ಳಲು ಇದೂ ಒಂದು ಕಾರಣ.

ದೊಡ್ಡ ಪಿಸ್ತೂಲಿನಲ್ಲಿ ಇಂಥ ಸಣ್ಣ ಕೊರತೆಗಳನ್ನು ನುಂಗಿಕೊಳ್ಳುವಷ್ಟು ಅವಕಾಶ ಇರುತ್ತದೆ, ಚಿಕ್ಕದರಲ್ಲಿ ಇರುವುದಿಲ್ಲ. ಹಾಗಾಗಿ ಮುಚ್ಚಿಡಲು ಸಾಧ್ಯವಾಗುವಷ್ಟರಲ್ಲಿ ದೊಡ್ಡದನ್ನೇ ಆರಿಸಿ. ಒಂದು ಒಳ್ಳೆಯ ಹೋಲ್‌ಸ್ಟರ್, ಒಂದು ಸೈಜು ಸಡಿಲ ಅಂಗಿ ಬಹುಮಟ್ಟಿಗೆ ಸಮಸ್ಯೆ ತೀರಿಸುತ್ತವೆ.

ಹಳೆಯ ವಿದೇಶಿ ಪಿಸ್ತೂಲಿನ ಆಸೆ

ನಾಗರಿಕರಿಗಾಗಿ ವಿದೇಶಿ ಬಂದೂಕು ತರಿಸುವುದು 1980ರ ದಶಕದ ಮಧ್ಯದಲ್ಲಿ ನಿಂತಿತು. ಅದಕ್ಕೂ ಮೊದಲು ಬಂದ ವಾಲ್ಥರ್, ಬ್ರೌನಿಂಗ್, ವೆಬ್ಲಿ ಪಿಸ್ತೂಲುಗಳು ಕೈಯಿಂದ ಕೈಗೆ ಹಳೆಯ ಒಡವೆಯಂತೆ ದುಬಾರಿ ಬೆಲೆಗೆ ಹೋಗುತ್ತವೆ. ವಾಲ್ಥರ್ ಪಿಪಿ 1929ರಲ್ಲಿ ಬಂದ ಒಳ್ಳೆಯ ವಿನ್ಯಾಸ. ಆದರೆ ನೀವು ಕೊಳ್ಳುತ್ತಿರುವುದು ವಿನ್ಯಾಸವನ್ನಲ್ಲ, ಅರ್ಧ ಶತಮಾನ ದಾಟಿದ ಸ್ಪ್ರಿಂಗ್, ಸವೆದ ಕೊಕ್ಕೆ, ಯಾರೋ ಅರೆದು ತಿದ್ದಿದ ಚೇಂಬರನ್ನು. ಅದರ ಅಸಲಿ ಮ್ಯಾಗಜೀನ್ ಸಿಗುವುದು ಪಿಸ್ತೂಲು ಸಿಗುವುದಕ್ಕಿಂತ ಕಷ್ಟ.

ಕೊಳ್ಳುವ ಮೊದಲು ಖಾಲಿ ಇದೆಯೆಂದು ಖಚಿತಪಡಿಸಿಕೊಂಡು ಇವನ್ನು ನೋಡಿ: ಸ್ಲೈಡನ್ನು ಪೂರ್ತಿ ಎಳೆದು ಬಿಟ್ಟಾಗ ತಾನೇ ಖಚಕ್ಕನೆ ಮುಚ್ಚುತ್ತದೆಯೇ, ಕೊಕ್ಕೆಯ ತುದಿ ಚೂಪಾಗಿ ಉಳಿದಿದೆಯೇ, ಚೇಂಬರಿನಲ್ಲಿ ತುಕ್ಕಿನ ಗುಳಿಗಳಿವೆಯೇ, ನಳಿಗೆಯೊಳಗೆ ಎಲ್ಲಾದರೂ ಉಬ್ಬಿದ ಉಂಗುರ ಕಾಣುತ್ತದೆಯೇ. ಉಂಗುರವಿದ್ದರೆ ಹಿಂದೊಮ್ಮೆ ಗುಂಡು ಒಳಗೆ ಸಿಕ್ಕಿಕೊಂಡಿದ್ದಾಗ ಇನ್ನೊಂದನ್ನು ಹಾರಿಸಿದ್ದಾರೆ ಎಂದರ್ಥ. ಅಂಥದನ್ನು ಎಷ್ಟು ಅಗ್ಗವಾದರೂ ಮುಟ್ಟಬೇಡಿ.

ಬೆವರು, ದೂಳು, ಕುಂಕುಮ

ಪಿಸ್ತೂಲು ದಿನವಿಡೀ ಸೊಂಟದಲ್ಲಿದ್ದರೆ ಅದಕ್ಕೆ ಅಂಟುವುದು ಬೆವರಿನ ಉಪ್ಪು, ಬನಿಯನ್ನಿನ ನೂಲು, ತುಮಕೂರು ರಸ್ತೆಯ ಲಾರಿಗಳೆಬ್ಬಿಸಿದ ದೂಳು. ಎಣ್ಣೆ ಹೆಚ್ಚು ಹಾಕಿದರೆ ಈ ಮೂರೂ ಸೇರಿ ಕೆಸರಾಗುತ್ತವೆ. ತೋಟಾದ ಕ್ಯಾಪಿಗೆ ಎಣ್ಣೆ ಇಳಿದರೆ ಅದು ಸಿಡಿಯದೇ ಹೋಗಬಹುದು. ಸ್ಲೈಡ್ ಜಾರುವ ಕಡೆ ಒಂದೊಂದು ಹನಿ ಸಾಕು, ಚೇಂಬರ್ ಒಣಗಿರಲಿ. ರಾತ್ರಿ ಪಿಸ್ತೂಲನ್ನು ಚರ್ಮದ ಹೋಲ್‌ಸ್ಟರಿನಲ್ಲೇ ಬಿಡಬೇಡಿ, ಚರ್ಮ ತೇವ ಹಿಡಿದು ತುಕ್ಕಿಗೆ ದಾರಿ ಮಾಡುತ್ತದೆ. ಆಯುಧಪೂಜೆಯಂದು ಇಟ್ಟ ಅರಿಶಿನ, ಕುಂಕುಮ ಸ್ಲೈಡಿನ ಸಂದಿಗೆ ಹೋಗಿದ್ದರೆ ಮರುದಿನ ಬಿಚ್ಚಿ ಒರೆಸಿ.

ಮತ್ತೊಂದು ಸದ್ದಿಲ್ಲದ ಕೇಡು. ಬೆಳಗ್ಗೆ ತುಂಬಿ ಸಂಜೆ ತೆಗೆಯುವವರು ದಿನವೂ ಅದೇ ತೋಟಾವನ್ನು ಚೇಂಬರಿಗೆ ಹಾಕುತ್ತಾರೆ. ಪ್ರತಿ ಸಲ ಮೂತಿ ಗುದ್ದಿಸಿಕೊಂಡು ಗುಂಡು ಕೇಸಿನೊಳಗೆ ಸ್ವಲ್ಪ ಸ್ವಲ್ಪವೇ ಕುಸಿಯುತ್ತದೆ. ಕುಸಿದ ತೋಟಾದಲ್ಲಿ ಒತ್ತಡ ಮಿತಿ ಮೀರಬಹುದು. ಹೊಸದೊಂದರ ಪಕ್ಕ ಹಿಡಿದು ಉದ್ದ ಹೋಲಿಸಿ, ಗಿಡ್ಡವಾಗಿದ್ದರೆ ಬಳಸಬೇಡಿ.

ಚುನಾವಣೆ ಘೋಷಣೆಯಾದಾಗ ಲೈಸೆನ್ಸ್‌ದಾರರು ಸಾಮಾನ್ಯವಾಗಿ ಆಯುಧವನ್ನು ಠಾಣೆಗೋ ಡೀಲರಿಗೋ ಒಪ್ಪಿಸಬೇಕಾಗುತ್ತದೆ. ವಾರಗಟ್ಟಲೆ ಯಾರೂ ಮುಟ್ಟದೆ ಇದ್ದ ಪಿಸ್ತೂಲು ವಾಪಸು ಬಂದಾಗ ನೇರ ಸೊಂಟಕ್ಕೆ ಹೋಗಬಾರದು. ಬಿಚ್ಚಿ, ಒರೆಸಿ, ಸಾಧ್ಯವಾದರೆ ರೇಂಜಿನಲ್ಲಿ ಹಾರಿಸಿ ನೋಡಿದ ಮೇಲೆಯೇ ಅದನ್ನು ಮತ್ತೆ ನಂಬಬೇಕು.

ಎಷ್ಟು ಹಾರಿಸಿದರೆ ನಂಬಬಹುದು?

ಒಂದು ಮ್ಯಾಗಜೀನ್ ಹಾರಿಸಿ ಸರಿಯಾಗಿದೆ ಎನ್ನುವುದು ತಪಾಸಣೆಯಲ್ಲ. ಕಾರ್ಖಾನೆಯ ಗುಣಮಟ್ಟ ವಿಭಾಗದವರಿಗೆ ಪರಿಚಿತವಾದ ಒಂದು ಸುಲಭ ಸೂತ್ರವಿದೆ. ಒಂದೂ ತಡೆಯಿಲ್ಲದೆ ಎಷ್ಟು ಹಾರಿಸಿದಿರೋ ಆ ಸಂಖ್ಯೆಯಿಂದ 3ನ್ನು ಭಾಗಿಸಿ. ಬರುವ ಉತ್ತರ, ಇನ್ನೂ ಅಡಗಿರಬಹುದಾದ ದೋಷದ ಗರಿಷ್ಠ ಪ್ರಮಾಣ. ಶೇ 95ರಷ್ಟು ಭರವಸೆಯಿಂದ ಹೇಳಬಹುದಾದ ಮಾತಿದು. 30 ಗುಂಡು ನಿರಾತಂಕವಾಗಿ ಹಾರಿದರೂ ಹತ್ತಕ್ಕೆ ಒಂದು ತಡೆ ಬರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. 100 ಹಾರಿದರೆ ನೂರಕ್ಕೆ ಮೂರು. 300 ಹಾರಿದರೆ ನೂರಕ್ಕೆ ಒಂದು. 1911ರಲ್ಲಿ ಅಮೆರಿಕದ ಸೇನೆಯ ಪರೀಕ್ಷೆಯಲ್ಲಿ ಬ್ರೌನಿಂಗ್ ವಿನ್ಯಾಸದ ಕೋಲ್ಟ್ ಪಿಸ್ತೂಲು 6,000 ಗುಂಡನ್ನು ಒಂದೂ ತಡೆಯಿಲ್ಲದೆ ಹಾರಿಸಿತೆಂಬ ದಾಖಲೆ ಇಂದಿಗೂ ಮಾತಿನಲ್ಲಿರುವುದು ಇದೇ ಕಾರಣಕ್ಕೆ.

ನಮ್ಮ ಲೈಸೆನ್ಸಿನಲ್ಲಿ ವರ್ಷಕ್ಕೆ ಇಷ್ಟೇ ತೋಟಾ ಎಂಬ ಮಿತಿ ಬರೆದಿರುತ್ತದೆ. ಆ ಮಿತಿಯೊಳಗೇ ಯೋಜನೆ ಹಾಕಿ. ಮೊದಲ ವರ್ಷದ ತೋಟಾಗಳ ಹೆಚ್ಚಿನ ಪಾಲನ್ನು ಅನುಮತಿಯಿರುವ ರೇಂಜಿನಲ್ಲಿ, ತರಬೇತುದಾರರ ಎದುರು, ನೀವು ದಿನವೂ ಒಯ್ಯುವ ಅದೇ ಮ್ಯಾಗಜೀನ್, ಅದೇ ತೋಟಾದಿಂದ ಹಾರಿಸಿ. ಎರಡು ಕೈ, ಬಲಗೈ, ಎಡಗೈ ಮೂರೂ ರೀತಿ ಪ್ರಯತ್ನಿಸಿ. ಕೈಗೆ ಅಭ್ಯಾಸವೇ ಇಲ್ಲದವರಿಗೆ ಪೊಲೀಸ್ ಇಲಾಖೆ ನಡೆಸುವ ನಾಗರಿಕ ಬಂದೂಕು ತರಬೇತಿ ಒಳ್ಳೆಯ ಆರಂಭ.

ರೇಂಜಿನಲ್ಲಿ ಎರಡು ಸಂಗತಿ ಮರೆಯಬಾರದು. ಟ್ರಿಗರ್ ಒತ್ತಿ ಸಿಡಿಯದಿದ್ದರೆ ಮೂತಿಯನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡ್ ಕಾಯಿರಿ, ಮದ್ದು ತಡವಾಗಿ ಹತ್ತಿಕೊಳ್ಳಬಹುದು. ಸದ್ದು ಎಂದಿಗಿಂತ ಠುಸ್ ಎಂದು ಕೇಳಿದರೆ ಅಲ್ಲಿಗೇ ನಿಲ್ಲಿಸಿ, ಗುಂಡು ನಳಿಗೆಯಲ್ಲೇ ಉಳಿದಿರಬಹುದು. ಮುಂದಿನದನ್ನು ಹಾರಿಸಿದರೆ ನಳಿಗೆ ಉಬ್ಬಬಹುದು, ಸೀಳಲೂಬಹುದು.

ಬೇಡದಾಗ ಸಿಡಿಯದಿರುವುದೂ ನಂಬಿಕೆಯೇ

ಬೇಕಾದಾಗ ಸಿಡಿಯುವುದು ನಂಬಿಕೆಯ ಅರ್ಧ ಮಾತ್ರ. ಬಿದ್ದಾಗ, ಗುದ್ದಿದಾಗ, ಮಗು ಎಳೆದಾಗ ಸಿಡಿಯದಿರುವುದು ಇನ್ನರ್ಧ, ಅದೇ ದೊಡ್ಡ ಅರ್ಧ. ಟ್ರಿಗರ್ ಪೂರ್ತಿ ಒತ್ತುವವರೆಗೂ ಫೈರಿಂಗ್ ಪಿನ್ನನ್ನು ತಡೆಹಿಡಿಯುವ ಬೀಗ ಹೊಸ ವಿನ್ಯಾಸಗಳಲ್ಲಿರುತ್ತದೆ. ಹಳೆಯ ಬ್ರೌನಿಂಗ್ ಮಾದರಿಗಳಲ್ಲಿ ಇಂಥ ಬೀಗ ಇಲ್ಲ. ಹೊಸದೆಂದ ಮಾತ್ರಕ್ಕೆ ಕಣ್ಣು ಮುಚ್ಚಿ ನಂಬುವಂತೆಯೂ ಇಲ್ಲ. ಸಿಗ್ ಸಾವರ್ ಕಂಪನಿಯ ಪಿ320 ಪಿಸ್ತೂಲು ಒಂದು ನಿರ್ದಿಷ್ಟ ಕೋನದಲ್ಲಿ ಬಿದ್ದರೆ ಸಿಡಿಯುತ್ತದೆಂದು ತಿಳಿದು, ಕಂಪನಿಯೇ 2017ರ ಆಗಸ್ಟ್‌ನಲ್ಲಿ ಬಿಡಿಭಾಗ ಬದಲಿಸಿಕೊಡುವುದಾಗಿ ಪ್ರಕಟಿಸಿತು. ನಿಮ್ಮ ಪಿಸ್ತೂಲಿನಲ್ಲಿ ಪಿನ್ ತಡೆಯುವ ಬೀಗ ಇದೆಯೇ ಎಂದು ಡೀಲರನ್ನು ಕೇಳಿ, ಬಿಚ್ಚಿ ತೋರಿಸಲು ಹೇಳಿ. ಇಲ್ಲವೆಂದಾದರೆ ಚೇಂಬರ್ ಖಾಲಿ ಇಟ್ಟುಕೊಂಡೇ ಒಯ್ಯಿರಿ.

ರಿವಾಲ್ವರ್ ಯಾರಿಗೆ?

ರೇಂಜಿಗೆ ಹೋಗಲು ಬಿಡುವಿಲ್ಲದವರು, ಸ್ಲೈಡ್ ಎಳೆಯಲು ಬಲ ಸಾಲದವರು ರಿವಾಲ್ವರ್ ನೋಡುವುದು ಒಳ್ಳೆಯದು. ಅದರಲ್ಲಿ ಮ್ಯಾಗಜೀನ್ ಇಲ್ಲ, ತುಟಿಯಿಲ್ಲ, ಅಂಚು ಸಿಕ್ಕಿಕೊಳ್ಳುವ ಮಾತಿಲ್ಲ. ಒಂದು ತೋಟಾ ಸಿಡಿಯದಿದ್ದರೆ ಟ್ರಿಗರ್ ಮತ್ತೆ ಒತ್ತಿದರೆ ಮುಂದಿನದು ಬರುತ್ತದೆ. ಕಾನ್ಪುರದಲ್ಲಿ 2014ರಲ್ಲಿ ಬಂದ ನಿರ್ಭೀಕ್ ರಿವಾಲ್ವರ್ ಸುಮಾರು 500 ಗ್ರಾಂ ತೂಗುತ್ತದೆ. 2023ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಪ್ರಬಲ್‌ನಲ್ಲಿ ತೋಟಾ ಚಕ್ರ ಪಕ್ಕಕ್ಕೆ ತೆರೆಯುತ್ತದೆ. ಎರಡೂ .32. ರಿವಾಲ್ವರ್ ದಪ್ಪ, ಟ್ರಿಗರ್ ಬಿಗಿ, ಹಿಡಿಯುವ ತೋಟಾ ಕಡಿಮೆ. ಅಭ್ಯಾಸವಿಲ್ಲದ ಕೈಗೆ ಗುರಿ ತಪ್ಪುವುದೂ ಸುಲಭ. ಆದರೆ ಅಭ್ಯಾಸವಿಲ್ಲದ ಕೈಯಲ್ಲಿ ಪಿಸ್ತೂಲು ನಿಂತುಹೋಗುವುದಕ್ಕಿಂತ ಇದು ವಾಸಿ.

ಸ್ಪ್ರಿಂಗ್ ಸುತ್ತುವವರ ಊರಿನಲ್ಲಿ ಒಂದು ಗೆರೆ

ಸ್ಪ್ರಿಂಗ್ ಬಲ್ಲವರು ಬಂದೂಕು ಬಲ್ಲರು ಎನ್ನುವುದಕ್ಕೆ ಬೆಂಗಳೂರಿನಲ್ಲೇ ಸಾಕ್ಷಿ ಇದೆ. ಇಲ್ಲಿನ ಎಸ್‌ಎಸ್‌ಎಸ್ ಡಿಫೆನ್ಸ್ ಎಂಬ ಬಂದೂಕು ಕಂಪನಿ ಹುಟ್ಟಿದ್ದು ವಾಹನಗಳ ಸ್ಪ್ರಿಂಗ್ ಮಾಡುತ್ತಿದ್ದ ಸ್ಟಂಪ್ ಶೂಲೆ ಆಂಡ್ ಸೋಮಪ್ಪ ಸಮೂಹದಿಂದ. ಆದರೆ ಅದು ಸರ್ಕಾರದ ಲೈಸೆನ್ಸ್ ಪಡೆದು ಮಾಡುವ ಕೆಲಸ. ಪೀಣ್ಯದ ಯಾವ ಶೆಡ್‌ನಲ್ಲಾದರೂ ನಿಮ್ಮ ಪಿಸ್ತೂಲಿನ ಸ್ಪ್ರಿಂಗನ್ನು ಅರ್ಧ ಗಂಟೆಯಲ್ಲಿ ಸುತ್ತಿಕೊಡಬಲ್ಲ ಕೈ ಇದೆ. ಅಲ್ಲಿಗೆ ಒಯ್ಯಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಂದೂಕಿನ ಬಿಡಿಭಾಗವೂ ಶಸ್ತ್ರವೇ, ಲೈಸೆನ್ಸ್ ಇಲ್ಲದ ದುರಸ್ತಿಯೂ ಅಪರಾಧವೇ. ಸುತ್ತಿಕೊಟ್ಟ ಬಡಪಾಯಿಯೂ ನಿಮ್ಮ ಜೊತೆ ಠಾಣೆ ಹತ್ತಬೇಕಾಗುತ್ತದೆ. ದುರಸ್ತಿ ಏನಿದ್ದರೂ ಲೈಸೆನ್ಸ್ ಇರುವ ಡೀಲರ್ ಮೂಲಕ, ಇಲ್ಲವೇ ತಯಾರಿಸಿದ ಕಾರ್ಖಾನೆಯ ಮೂಲಕ.

ಹಾಗಾಗಿ ಅಂಗಡಿಯಲ್ಲಿ ಹಣ ಎಣಿಸುವ ಮೊದಲು ಕೇಳಬೇಕಾದ ಪ್ರಶ್ನೆ ಇದು: ಈ ಪಿಸ್ತೂಲಿನ ರಿಕಾಯಿಲ್ ಸ್ಪ್ರಿಂಗ್, ಕೊಕ್ಕೆ ಮತ್ತು ಎರಡನೇ ಮ್ಯಾಗಜೀನ್ ನನಗೆ ಕಾನೂನಿನ ದಾರಿಯಲ್ಲಿ ಐದು ವರ್ಷದ ನಂತರವೂ ಸಿಗುತ್ತವೆಯೇ? ಲೈಸೆನ್ಸಿನ ಅವಧಿ ಈಗ ಐದು ವರ್ಷ. ಪಿಸ್ತೂಲೂ ಅಷ್ಟು ವರ್ಷ ಬಾಳಬೇಕು. ಸಿಗುತ್ತವೆ ಎಂಬ ಉತ್ತರ ಬಂದರೆ ಸಾಧಾರಣ ಹೆಸರಿನದಾದರೂ ಕೊಳ್ಳಿ. ಬರದಿದ್ದರೆ ಎಷ್ಟೇ ಹೆಸರಾಂತದ್ದಾದರೂ ಅಲ್ಲಿಯೇ ಬಿಟ್ಟು ಬನ್ನಿ.